ಸೆಲ್ಲಿಲ್ಲದೆ ಬೊಗಳಿದ ನಾಯಿ

ಬಾಡಿಗೆಯ ಕರಾರುಪತ್ರದಲ್ಲಿ ನಾನೇ ಹೇಳಿ ಬರೆಸುವುದು ಒಂದೇ ಸಾಲು: ‘ಮನೆಯಲ್ಲಿ ನಾಯಿ ಸಾಕಕೂಡದು.’ ಉಳಿದದ್ದೆಲ್ಲ ಬಾಂಡ್ ಬರೆಯುವವನಿಗೆ ಬಿಟ್ಟದ್ದು. ಕಾರಣ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ವಾಸನೆ, ಗದ್ದಲ, ಕುಂಡದೊಳಗಿನ ಗಿಡ, ಹೆಂಡತಿಯ ದಮ್ಮಿನ ಕಾಯಿಲೆ. ಹೆಂಡತಿಗೆ ಆ ಕಾಯಿಲೆ ಇಲ್ಲ. ಮಾಳಮಡ್ಡಿಯ ನಮ್ಮ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯುವವಳು ಅವಳು. ನಿಂತು ನಿಂತು ಹತ್ತುವವನು ನಾನು.

ಕಳೆದ ವರ್ಷ ಮೇಲಿನ ಮನೆಗೆ ಉಪ್ಪಿನಬೆಟಗೇರಿಯ ರೇಣುಕಾ ಮತ್ತು ಅವಳ ತಾಯಿ ಗಂಗವ್ವ ಬಂದರು. ರೇಣುಕಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹಗಲೆಲ್ಲ ಗಂಗವ್ವ ಒಬ್ಬರೇ. ಏನು ಕೇಳಿದರೂ ನಕ್ಕು ಸುಮ್ಮನಾಗುವ ಹೆಂಗಸು. ತುಸು ಸೊಕ್ಕಿರಬೇಕು ಎಂದುಕೊಂಡಿದ್ದೆ. ರೇಣುಕಾ ಬೆಳಗ್ಗೆ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ವಾಕಿಂಗ್ ಹೋಗುತ್ತಿದ್ದಳು. ವಾಕಿಂಗಿಗೆ ಚೀಲವೇಕೆ ಎಂದು ಮಾತ್ರ ನನಗೆ ಹೊಳೆಯಲಿಲ್ಲ.

ಒಂದು ರವಿವಾರ ಮೇಲಿನಿಂದ ನಾಯಿ ಬೊಗಳಿದ ಸದ್ದು ಕೇಳಿತು. ಹೋಗಿ ಬೆಲ್ ಒತ್ತಿದೆ. ರೇಣುಕಾ ಬಾಗಿಲು ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಬೊಗಳಿದ್ದು ಇದು ನೋಡ್ರಿ ಸರ್,” ಎಂದು ಸೋಫಾದ ಮೇಲಿನ ಗೊಂಬೆ ತೋರಿಸಿದಳು. ದುರ್ಗದಬೈಲಿನ ಪೇಟೆಯಲ್ಲಿ ಕೊಂಡದ್ದಂತೆ. ಬಿಳಿ, ಕಂದು ಬಣ್ಣದ ಶಿಹ್ ತ್ಸು ನಾಯಿ, ಕಣ್ಣ ಮೇಲೆಲ್ಲ ಕೂದಲು. ಹೊಟ್ಟೆ ಒತ್ತಿದರೆ ಎರಡು ಸಲ ಬೊಗಳುತ್ತಿತ್ತು. ನಾನೂ ಒತ್ತಿ ನೋಡಿ, “ಛಲೋ ಅದ,” ಎಂದು ಇಳಿದು ಬಂದೆ.

ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನು ನಾನು. ಆದ್ದರಿಂದ ಹೆಂಡತಿಗೆ ಆ ತಳಿಯ ಮೇಲೊಂದು ಪಾಠವನ್ನೂ ಒಪ್ಪಿಸಿದೆ. ಚೀನಾದವರ ಮಾತಿನಲ್ಲಿ ಆ ಹೆಸರಿಗೆ ಸಿಂಹ ಎಂದರ್ಥ. ಸಿಂಹವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಾಗದ ಅರಮನೆಯವರು ಅದರ ಹೋಲಿಕೆಯ ನಾಯಿ ಬೆಳೆಸಿದರು. ನಾಯಿ ಸಾಕಲಾಗದವರು ಈಗ ನಾಯಿಯ ಹೋಲಿಕೆಯ ಗೊಂಬೆ ಕೊಳ್ಳುತ್ತಾರೆ. ಸಿಂಹದಿಂದ ಗೊಂಬೆಯವರೆಗೆ ಬರುವಷ್ಟರಲ್ಲಿ ಹಲ್ಲು ಪೂರಾ ಹೋದವು ಎಂದೆ. ಹೆಂಡತಿ ಅಕ್ಕಿ ಆರಿಸುತ್ತ, “ಹೌದ್ರಿ?” ಎಂದಳು.

ಎರಡು ವಾರದ ಮೇಲೆ ನೀರಿನ ಟಾಕಿ ನೋಡಲು ಮಾಳಿಗೆ ಹತ್ತಿದೆ. ಬಟ್ಟೆಯ ಹಗ್ಗದ ಮೇಲೆ ಗೊಂಬೆ ಒಣಗುತ್ತಿತ್ತು. ಎರಡೂ ಕಿವಿಗೆ ಕ್ಲಿಪ್ಪು. ಹೊಟ್ಟೆಯ ಚೈನು ತೆರೆದು ಸೆಲ್ಲಿನ ಡಬ್ಬಿ ಹೊರಗೆ ತೆಗೆದಿದ್ದರು. ಅಷ್ಟರಲ್ಲಿ ಕೆಳಗೆ ನಾಯಿ ಬೊಗಳಿತು.

ಇಳಿದು ಬಂದು ರೇಣುಕಾಳ ಮನೆಯ ಬೆಲ್ ಒತ್ತಿದೆ. ಹೊರಗಿನ ಜಾಳಿಗೆಯ ಬಾಗಿಲಷ್ಟೇ ಹಾಕಿತ್ತು. ಒಳಗೆ ಗಂಗವ್ವ ನನಗೆ ಬೆನ್ನು ಮಾಡಿ ಮೆಂತ್ಯೆಪಲ್ಯದ ಎಲೆ ಬಿಡಿಸುತ್ತಿದ್ದರು. ಬೆಲ್ಲಿಗೆ ಅವರು ತಿರುಗಲಿಲ್ಲ. ಮೂಲೆಯಿಂದ ಥೇಟ್ ಆ ಗೊಂಬೆಯಂಥದೇ ನಾಯಿ ಎದ್ದು ಬಂದು, ಅವರ ಸೆರಗು ಕಚ್ಚಿ ಬಾಗಿಲ ಕಡೆ ಎಳೆಯಿತು. ಗಂಗವ್ವ ತಿರುಗಿದರು. ನನ್ನನ್ನು ಕಂಡು ಅವರ ಕೈಯೊಳಗಿನ ಪಲ್ಯ ಕೆಳಗೆ ಬಿತ್ತು. ಬಾಗಿಲು ತೆರೆದು ಕೈ ಮುಗಿದರು.

“ಮಾಸ್ತರ್ರ, ಬೈಬ್ಯಾಡ್ರಿ. ನನಗ ಎರಡೂ ಕಿವಿ ಕೇಳಂಗಿಲ್ರಿ. ಯಾರರ ಬಂದ್ರ ಈ ನಾಯಿ, ನಮ್ಮ ಬಾಳ್ಯಾ, ಸೆರಗ ಎಳದ ಹೇಳ್ತಾನ್ರಿ. ಕುಕ್ಕರ್ ಸೀಟಿ ಹೊಡದ್ರೂ ಇವನ ನನ್ನ ಕರಕೊಂಡ ಹೋಗ್ತಾನ್ರಿ.”

ಕೈ ಬೀಸಿ, ಹಿಂದೆ ಹಿಂದೆ ಸರಿದು, ಮೆಟ್ಟಿಲಿಳಿದೆ.

ಸಂಜೆ ರೇಣುಕಾ ಬಂದು ಬಾಗಿಲಲ್ಲೇ ನಿಂತಳು. ಅತ್ತು ಕೆಂಪಾದ ಕಣ್ಣು.

“ತಿಂಗಳ ಕಡೀಕ ಮನಿ ಬಿಡ್ತೇವ್ರಿ ಸರ್. ನೀವು ಕೈ ಮಾಡಿ ಹೋಗ್ರಿ ಅಂದ್ರಂತ, ಅವ್ವ ಹೇಳಿದ್ಲು. ಸುಳ್ಳು ಹೇಳಿದ್ದು ನಮ್ಮದ ತಪ್ಪು. ಕಿವಿ ಕೇಳಲಾರದವರು ಹಗಲೆಲ್ಲ ಒಬ್ಬರ ಇರ್ತಾರಂದ್ರ ಯಾರೂ ಮನಿ ಕೊಡಂಗಿಲ್ರಿ. ನಾಯಿ ಅಂದ್ರಂತೂ ಇಲ್ಲ.”

ಸುಮ್ಮನಿದ್ದರೆ ಅವರು ಹೋಗುತ್ತಿದ್ದರು, ನನ್ನ ಮರ್ಯಾದೆ ಉಳಿಯುತ್ತಿತ್ತು. ಎರಡನ್ನೂ ತೂಗಿ ನೋಡಲು ಸ್ವಲ್ಪ ಹೊತ್ತು ಹಿಡಿಯಿತೆಂಬುದನ್ನು ಮುಚ್ಚಿಡುವುದಿಲ್ಲ.

“ಆ ಕೈ ನಿಮ್ಮ ಅವ್ವಗ ಮಾಡಿದ್ದಲ್ಲ,” ಎಂದೆ. “ನಾಯಿಗೆ ಮಾಡಿದ್ದು. ಹತ್ತರ ಬರಬ್ಯಾಡ ಅಂತ. ನನಗ ನಾಯಿ ಅಂದ್ರ ಅಂಜಿಕಿ.”

ನಾಯಿಯ ಬಾಯಲ್ಲಿ ಎಷ್ಟು ಹಲ್ಲು, ಯಾವುದು ಎಲ್ಲಿ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು ಹೇಳಿದ ಮಾತು ಇದು. ರೇಣುಕಾ ನಗಬಾರದೆಂದು ತುಟಿ ಕಚ್ಚಿದಳು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

“ಅದು ನನಗ ಲಗ್ನಾದ ವಾರದಾಗನ ಗೊತ್ತಾಗಿತ್ತು. ಬಾಳ್ಯಾಗ ದಿನಾ ಮಧ್ಯಾಹ್ನ ಹಾಲನ್ನ ಹಾಕಿ ಬರಾಕಿ ನಾನ. ರೇಣುಕಾ, ಚಾ ಕುಡದ ಹೋಗವಾ.”

ಮರುದಿನ ರೇಣುಕಾ ಗೊಂಬೆಯನ್ನು ತಂದು ನನ್ನ ಟೇಬಲ್ಲಿನ ಮೇಲಿಟ್ಟಳು.

“ಇದು ಇನ್ನ ನಮಗ ಬ್ಯಾಡ್ರಿ. ಮೊದಲ ಇದರ ಮ್ಯಾಲೆ ರೂಢಿ ಮಾಡ್ಕೋರಿ ಸರ್.”

ಗಣಿತದವರು ಹಾಗೆಯೇ, ಸುಲಭದ್ದರಿಂದ ಶುರು ಮಾಡಿಸುತ್ತಾರೆ. ಪೇಪರ್ ಓದುತ್ತ, ಯಾರೂ ಇಲ್ಲದಾಗ, ಗೊಂಬೆಯ ತಲೆ ಸವರತೊಡಗಿದೆ. ಹೆಂಡತಿ ಎರಡು ಸಲ ನೋಡಿದಳು.

ಮೂರು ವಾರದ ಮೇಲೆ ಮೇಲಿನ ಮನೆಗೆ ಹೋದೆ. ಗಂಗವ್ವ ಬಾಳ್ಯಾನನ್ನು ತೊಡೆಯ ಮೇಲೆ ಹಿಡಿದು ಕೂತರು. ಎದುರಿಗೆ ಕೂತು ಕೈ ಚಾಚಿದೆ. ಗೊಂಬೆಯ ತಲೆಯಲ್ಲಿ ಹತ್ತಿ ಗಚ್ಚಾಗಿ ತುಂಬಿತ್ತು. ಇಲ್ಲಿ ಅಷ್ಟು ಕೂದಲಿನ ಕೆಳಗೆ ಸಿಕ್ಕಿದ್ದು ಪೇರಲಕಾಯಿಗಿಂತ ತುಸು ದೊಡ್ಡದಾದ, ಬೆಚ್ಚಗಿನ ತಲೆ. ಅದೂ ಅಂಜಿ ನಡುಗುತ್ತಿತ್ತು. ಯಾರು ಯಾರಿಗೆ ಮೊದಲು ಧೈರ್ಯ ಹೇಳಬೇಕೆಂದು ತಿಳಿಯದೆ, ನಾವಿಬ್ಬರೂ ಬಹಳ ಹೊತ್ತು ಹಾಗೆಯೇ ಕೂತೆವು.