ತೊಂಗೊವ ಟವರಿನ ಎರಡೂವರೆ ಗಂಟೆ

ದ್ವೀಪರಾಷ್ಟ್ರದ ರಾಜಧಾನಿ ಪೋರ್ಟ್ ವಿಲಾದ ಫೋನ್ ಕಚೇರಿಗೆ ಲೇಮಾರ ಸೇರಿದ್ದು ಟೈಪಿಸ್ಟ್ ಆಗಿ. ಹತ್ತೊಂಬತ್ತು ವರ್ಷ ಕಳೆಯುವ ಹೊತ್ತಿಗೆ ಅಲ್ಲಿನ ಸರ್ವರ್‌ಗಳೆಲ್ಲ ಅವಳ ಕೈಕೆಳಗಿದ್ದವು. ಯಾರೂ ಕೂರಿಸಿ ಕಲಿಸಿದ್ದಲ್ಲ. ರಿಪೇರಿಗೆ ಬಂದವರ ಬೆನ್ನ ಹಿಂದೆ ನಿಂತು, ನೋಡಿದ್ದನ್ನು ಬರೆದಿಟ್ಟುಕೊಂಡು ಕಲಿತದ್ದು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಲೇಮಾರ ಬರೆದ ವರದಿಯನ್ನು ಎರಡನೆಯ ಸಲ ಓದಬೇಕಾಗಿಲ್ಲ ಎಂದು ಮೇಲಿನವರು ಹೇಳುತ್ತಿದ್ದರು. ಆ ಹೊಗಳಿಕೆಯೇ ಒಂದು ದಿನ ಅವಳ ಕುತ್ತಿಗೆಗೆ ಬಂತು.

ಅವಳ ಸರ್ವರ್‌ಗಳಲ್ಲಿ ಒಂದಕ್ಕೆ ಕಾವಲಿನದೇ ಕೆಲಸ. ದ್ವೀಪಗಳ ಗುಡ್ಡಗಳ ಮೇಲೆ ನಿಂತ ಟವರ್‌ಗಳ ಬ್ಯಾಟರಿ ಎಷ್ಟಿದೆ, ಜನರೇಟರ್ ನಡೆಯುತ್ತಿದೆಯೇ ಎಂದು ಅದು ಐದು ನಿಮಿಷಕ್ಕೊಮ್ಮೆ ಕೇಳಿ ಬರೆದುಕೊಳ್ಳುತ್ತಿತ್ತು. ಮಾರ್ಚ್ ತಿಂಗಳಲ್ಲಿ ಚಂಡಮಾರುತ ಉತ್ತರದಿಂದ ಇಳಿದು ಬಂದಾಗ ಮಧ್ಯಾಹ್ನ ಎರಡಕ್ಕೆ ಎಲ್ಲರನ್ನೂ ಮನೆಗೆ ಕಳಿಸಿದರು. ಲೇಮಾರ ಹೊರಡುವಾಗ ಪರದೆಯ ಮೇಲೆ ತೊಂಗೊವ ದ್ವೀಪದ ಟವರ್ ಕೆಂಪಾಗಿತ್ತು: ಬ್ಯಾಟರಿ ಇಳಿಯುತ್ತಿದೆ, ಜನರೇಟರ್ ನಿಂತಿದೆ. ಅವಳು ಅಲಾರಾಂ ಸದ್ದು ಆರಿಸಿ, ತಾಯಿಯನ್ನು ಗಟ್ಟಿ ಗೋಡೆಯ ಚರ್ಚಿಗೆ ಸೇರಿಸಲು ಓಡಿದಳು. ಸಂಜೆ ಐದಾಗುವ ಮೊದಲೇ ಕಚೇರಿಯ ಸೂರು ಹಾರಿಹೋಯಿತು. ಸರ್ವರ್ ನೀರು ಕುಡಿದು ಸತ್ತಿತು.

ತೊಂಗೊವದ ಟವರ್ ನೋಡಿಕೊಳ್ಳುತ್ತಿದ್ದವನು ಕಲ್ಮೆತ್. ಗುಡ್ಡದ ದಾರಿಯ ನಡುವೆ, ಬುಡಮೇಲಾದ ಆಲದ ಮರದಡಿ ಅವನ ಹೆಣ ಸಿಕ್ಕಿತು. ಎರಡು ವಾರದ ಮೇಲೆ ವರದಿ ಬೇಕೆಂದಾಗ ಲೇಮಾರ ತಾನು ಕೊನೆಯದಾಗಿ ಕಂಡದ್ದನ್ನೂ ಹೆಣ ಸಿಕ್ಕ ಜಾಗವನ್ನೂ ಕೂಡಿಸಿ ಒಂದು ಸಾಲು ಬರೆದಳು: "ಕಾವಲುಗಾರ ಟವರ್ ತಲುಪಲಿಲ್ಲ, ಜನರೇಟರ್ ಚಾಲೂ ಆಗಲಿಲ್ಲ." ಎರಡನೆಯ ಸಲ ಯಾರೂ ಓದಲಿಲ್ಲ.

ಮೇ ತಿಂಗಳಲ್ಲಿ ಹೊಸ ಯಂತ್ರ ಬಂತು. ಲೇಮಾರ ಕಾವಲಿನ ವ್ಯವಸ್ಥೆಯನ್ನು ತಳದಿಂದ ಮತ್ತೆ ಕಟ್ಟಿದಳು. ಒಣಗಿಸಿಟ್ಟಿದ್ದ ಹಳೆಯ ಡಿಸ್ಕ್ ಪುಣ್ಯಕ್ಕೆ ಓದಲು ಸಿಕ್ಕಿತು. ಅದರ ಫೈಲ್‌ಗಳನ್ನೆಲ್ಲ ಹೊಸದಕ್ಕೆ ತುಂಬಿದಳು. ಆದರೆ ಬ್ಯಾಟರಿಗಳ ಏರಿಳಿತದ ಗೆರೆಚಿತ್ರ ಬರಬೇಕಾದ ಕಡೆಯಲ್ಲೆಲ್ಲ ಬರಿಯ ದೋಷದ ಸಾಲು. ಮೊದಲನೆಯದು ಸುಲಭದ್ದು: ಫೈಲ್‌ಗಳು ಹಳೆಯ ಯಂತ್ರದ ಬಳಕೆದಾರನ ಹೆಸರಿನಲ್ಲಿದ್ದವು, ಒಡೆತನ ಬದಲಿಸಿದಳು. ಆಗ ಎರಡನೆಯದು ಎದ್ದಿತು: ಈ ಫೈಲ್ ಬೇರೆ ಜಾತಿಯ ಯಂತ್ರದಲ್ಲಿ ತಯಾರಾದದ್ದು, ಓದಲಾಗದು. ಇನ್ನೂರ ಹದಿನಾಲ್ಕು ಫೈಲ್‌ಗಳಿಗೂ ಅದೇ ಉತ್ತರ.

ಮೇಲಧಿಕಾರಿ ಡೆರಿಕ್ ಆಸ್ಟ್ರೇಲಿಯದವನು, ಒಳ್ಳೆಯವನೇ. "ಬಿಟ್ಟಾಕಮ್ಮ," ಎಂದ. "ಹಳೇದು ಹೋಯ್ತು ಅಂತ ಬರಿ. ಇವತ್ತಿಂದ ಹೊಸ ಲೆಕ್ಕ ಶುರು ಮಾಡು. ಯಾರು ಕೇಳ್ತಾರೆ?"

ಕೇಳುವವನು ಮಾರನೆಯ ವಾರವೇ ಬಂದ. ಕಲ್ಮೆತ್‌ನ ತಮ್ಮ ಕಲ್ತಾಕ್. ಅಣ್ಣನ ಸೂತಕಕ್ಕೆ ನೂರು ದಿನ ತುಂಬುವ ತನಕ ಬೋಳಿಸದ ಗಡ್ಡ. ಹಡಗಿನಿಂದಿಳಿದವನು ನೇರ ಅವಳ ಮೇಜಿನ ಮುಂದೆ ನಿಂತ.

"ವರದಿ ಬರ್ದಿದ್ದು ನೀವೇನಾ ಅಕ್ಕ?"

"ಹೌದು."

"ಅದು ಊರಿಗೂ ಮುಟ್ಟಿದೆ. ಕಾವಾ ಬೇರಿನ ರಸ ಕುಡಿಯೋಕೆ ಎಲ್ಲರ ಜೊತೆ ಕೂತ್ರೆ ನನ್ನ ಪಕ್ಕ ಯಾರೂ ಕೂರಲ್ಲ. 'ನಿಮ್ಮಣ್ಣ ಅರ್ಧ ಗುಡ್ಡಕ್ಕೇ ಸುಸ್ತಾದ್ನಂತಲ್ಲೋ, ಕಾಲು ನಡುಗಿತ್ತೇನೋ' ಅಂತಾರೆ. ಅವನು ಹನ್ನೆರಡಕ್ಕೆ ಡೀಸೆಲ್ ಕ್ಯಾನ್ ಹೊತ್ಕೊಂಡು ಹೋಗಿದ್ದನ್ನ ನಾನು ನೋಡಿದೀನಿ. ಮೇಲೆ ಹೋಗ್ಲಿಲ್ಲ ಅನ್ನೋದನ್ನ ನೀವು ಕಣ್ಣಾರೆ ನೋಡಿದ್ರಾ?"

ಲೇಮಾರ ಕಣ್ಣು ಕೆಳಗಿಳಿಸಿ ಮೇಜಿನ ಮೇಲಿನ ಕಾಗದ ಸರಿಮಾಡಿದಳು. ಅವನು ಅವಳ ಮುಖ ನೋಡಿ, "ನೋಡಿಲ್ಲ ಹಂಗಾದ್ರೆ" ಎಂದು ಹೊರಟುಹೋದ.

ಆ ದಿನ ಅವಳು ಹಳೆಯ ಡಿಸ್ಕನ್ನು ಮುಂದಿಟ್ಟುಕೊಂಡು ಕೂತಳು. ಎರಡು ಗಂಟೆಗೆ ತಾನು ಎದ್ದುಬಂದದ್ದು ನಿಜ, ಆದರೆ ಸರ್ವರ್ ಎದ್ದು ಬಂದಿರಲಿಲ್ಲ. ಸೂರು ಹಾರುವ ತನಕ ಅದು ಕೇಳುತ್ತ, ಬರೆಯುತ್ತಲೇ ಇತ್ತು. ಎರಡು ಗಂಟೆಯ ಮೇಲೆ ಏನಾಯಿತೆಂಬುದು ಆ ಓದಲಾಗದ ಫೈಲ್‌ಗಳಲ್ಲಿದೆ. ಓದದೆ ಬಿಟ್ಟರೆ ಯಾರೂ ತಪ್ಪು ಹೇಳುವಂತಿಲ್ಲ. ಅಧಿಕಾರಿಯ ಮಾತೇ ಇದೆ. ಓದಿದರೆ ತನ್ನ ಸಾಲು ನಿಲ್ಲಬಹುದು, ಬೀಳಲೂಬಹುದು. ಬಿದ್ದರೆ ಸತ್ತವನೊಬ್ಬನ ಮೇಲೆ ಸುಳ್ಳು ಹೊರಿಸಿದವಳು ತಾನಾಗುತ್ತೇನೆ. ಇಡೀ ಭಾನುವಾರ ಚರ್ಚಿನ ಬೆಂಚಿನಲ್ಲಿ ಕೂತು ಅವಳು ಒಂದು ಹಾಡನ್ನೂ ಬಾಯಿಬಿಟ್ಟು ಹಾಡಲಿಲ್ಲ.

ಸೋಮವಾರ ಬೆಳಿಗ್ಗೆ ಹಳೆಯ ಜಾತಿಯ ಯಂತ್ರ ಹುಡುಕಲು ಹೊರಟಳು. ಆ ಫೈಲ್‌ಗಳನ್ನು ಅಂಥದ್ದೇ ಯಂತ್ರದಲ್ಲಿ ಓದಿಸಿ, ಅಂಕಿಗಳನ್ನು ಸಾದಾ ಅಕ್ಷರದಲ್ಲಿ ಹೊರತೆಗೆದು, ಹೊಸದರಲ್ಲಿ ಮತ್ತೆ ತುಂಬಬೇಕು, ಬೇರೆ ದಾರಿಯಿಲ್ಲ. ಅಂಗಡಿಗಳಲ್ಲಿ ನಕ್ಕರು. ಕೊನೆಗೆ ಒಂದು ಮಿಷನ್ ಶಾಲೆಯ ಉಗ್ರಾಣದಲ್ಲಿ, ಮುರಿದ ಮೇಜಿನ ಕಾಲಿಗೆ ಆಸರೆಯಾಗಿ ಒಂದು ಸಿಕ್ಕಿತು. "ತಗೊಂಡ್ಹೋಗಮ್ಮ, ಬದಲಿಗೆ ಒಂದು ಇಟ್ಟಿಗೆ ತಂದ್ಕೊಡು, ಮೇಜು ಬೀಳತ್ತೆ," ಎಂದರು ಅಲ್ಲಿನ ಹೆಡ್‌ಮಿಸ್ಟ್ರೆಸ್.

ಅದನ್ನು ಒರೆಸಿ, ಡಿಸ್ಕ್ ಜೋಡಿಸಿ, ಎರಡು ದಿನ ಫೈಲ್ ಮೇಲೆ ಫೈಲ್ ಹೊರತೆಗೆದಳು. ಬಿಸಿಯಾಗಿ ನಾಲ್ಕು ಸಲ ನಿಂತಿತು. ಬೀಸಣಿಗೆ ಹಿಡಿದು ಕೂತಳು. ತೊಂಗೊವದ ಫೈಲ್ ತೆರೆದದ್ದು ಬುಧವಾರ ಊಟದ ಹೊತ್ತಿಗೆ.

ಗೆರೆ ಎರಡು ಗಂಟೆಯ ತನಕ ಅವಳು ಕಂಡಂತೆಯೇ ಇಳಿದಿತ್ತು. ಎರಡು ಇಪ್ಪತ್ತಕ್ಕೆ ನೆಟ್ಟಗೆ ಮೇಲೆದ್ದಿತು. ಜನರೇಟರ್ ಚಾಲೂ. ಆ ಜನರೇಟರನ್ನು ಕೈಯಿಂದಲೇ ಚಾಲೂ ಮಾಡಬೇಕು, ತಾನಾಗಿ ಏಳುವಂಥದ್ದಲ್ಲ. ನಾಲ್ಕು ಐವತ್ತರ ತನಕ ಗೆರೆ ಅಲುಗದೆ ನಿಂತಿತ್ತು. ಆಮೇಲೆ ಏನೂ ಇಲ್ಲ, ಇಲ್ಲಿ ಸೂರು ಹಾರಿದ ಹೊತ್ತು ಅದು. ಹನ್ನೆರಡಕ್ಕೆ ಹೊರಟವನು ಆ ಗಾಳಿಯಲ್ಲಿ ಎರಡು ಗಂಟೆಗೂ ಮಿಕ್ಕಿ ಹತ್ತಿದ್ದ. ಮರ ಅವನ ಮೇಲೆ ಬಿದ್ದದ್ದು ಇಳಿಯುವಾಗ.

ಪರದೆಯ ಮುಂದೆ ಕೂತಲ್ಲೇ ಲೇಮಾರ ಬಾಯಿಗೆ ತೋಳು ಒತ್ತಿಕೊಂಡಳು.

ಡೆರಿಕ್‌ಗೆ ಆ ಗೆರೆಚಿತ್ರ ಮುದ್ರಿಸಿದ ಕಾಗದ ತೋರಿಸಿದಾಗ ಅವನು ಹಣೆ ಉಜ್ಜಿಕೊಂಡ. "ನಾನೊಂದು ತಿದ್ದುಪಡಿ ಕಳಿಸ್ತೀನಿ ಬಿಡು. ನೀನು ಹೋಗೋದ್ಯಾಕೆ?"

"ಸಾಲು ಬರ್ದಿದ್ದು ನಾನು ಸರ್."

ನೂರನೆಯ ದಿನದ ಊಟಕ್ಕೆ ಅವಳು ತೊಂಗೊವಕ್ಕೆ ಹೋದಳು. ಕಂಕುಳಲ್ಲಿ ತಪ್ಪುಕಾಣಿಕೆಗೆಂದು ತಾಯಿ ಹೆಣೆದ ಎರಡು ಚಾಪೆ, ತಲೆಯ ಮೇಲೆ ಗೆಣಸಿನ ಬುಟ್ಟಿ. ಊರ ಮುಖ್ಯಸ್ಥನ ಚಾವಡಿಯ ಮುಂದೆ ಚಾಪೆ ಹಾಸಿ, ಎಲ್ಲರೂ ಕೇಳುವಂತೆ ಹೇಳಿದಳು: "ನಾನು ನೋಡದೇ ಇದ್ದಿದ್ದನ್ನ ನೋಡಿದ ಹಾಗೆ ಬರ್ದೆ. ಕಲ್ಮೆತ್ ಟವರ್ ತಲುಪಿದ್ರು. ಜನರೇಟರ್ ಹಚ್ಚಿದ್ರು. ಎರಡೂವರೆ ಗಂಟೆ ಅದು ಆರ್ಲಿಲ್ಲ. ತಪ್ಪು ನಂದು."

ಒಬ್ಬ ಮುದುಕ ಮೆಲ್ಲನೆ, "ನಾಲ್ಕು ಗಂಟೆಗೆ ನನ್ನ ಮಗಳು ಎಪಿ ದ್ವೀಪದಿಂದ ಫೋನ್ ಮಾಡಿದ್ಲು," ಎಂದ. "ಟವರಿನ ಬ್ಯಾಟರಿ ಗಟ್ಟಿ ಇದೆ ಅಂದ್ಕೊಂಡಿದ್ವಿ."

ಕಲ್ಮೆತ್‌ನ ಹೆಂಡತಿ ಲೇವಿಯ ಎದ್ದುಬಂದು ಕಾಗದ ಇಸಿದುಕೊಂಡಳು. ಓದು ಬಾರದವಳಲ್ಲ, ಆದರೂ, "ಎಲ್ಲಿ, ಬೆರಳಿಟ್ಟು ತೋರ್ಸು" ಎಂದಳು. ಲೇಮಾರ ತೋರಿಸಿದಳು. ಲೇವಿಯ ಆ ಏರಿದ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಬರೆಯೋ ಮುಂಚೆ ನಮ್ಮನ್ನ ಒಂದು ಮಾತು ಕೇಳ್ಬಹುದಿತ್ತಲ್ಲಕ್ಕ."

"ಕೇಳ್ಬೇಕಿತ್ತು."

ಮುಖ್ಯಸ್ಥ ಚಾಪೆಗಳನ್ನು ಮುಟ್ಟಿದ. ಅಂದರೆ ತಪ್ಪು ತೀರಿತು. ಕಲ್ತಾಕ್ ಮಾತ್ರ ಕೈ ಕೊಡಲಿಲ್ಲ. ಗಡ್ಡ ಬೋಳಿಸಿಕೊಳ್ಳಲು ಎದ್ದು ಹೋದವನು ಅವಳಿದ್ದ ಕಡೆ ತಿರುಗಿಯೂ ನೋಡಲಿಲ್ಲ. ಲೇಮಾರ ಅದನ್ನು ಅವನ ತಪ್ಪೆಂದು ಎಣಿಸಲಿಲ್ಲ.

ವರದಿ ತಿದ್ದಿ ಕಳಿಸಿದಳು. ಮೇಲಿನವರಿಂದ ಅವಳಿಗೊಂದು ಎಚ್ಚರಿಕೆಯ ಪತ್ರ ಬಂತು. ಸಹಿ ಹಾಕಿ ಕೊಟ್ಟಳು. ಮುಂದೆ ಎಂಟು ವರ್ಷ ಅದೇ ಮೇಜಿನಲ್ಲಿ ಕೆಲಸ ಮಾಡಿದಳು. ಮೂರನೆಯ ವರ್ಷದ ಹೊಸ ಗೆಣಸಿನ ಕಾಲಕ್ಕೆ ತೊಂಗೊವದ ಹಡಗಿನಲ್ಲಿ ಅವಳ ಹೆಸರಿಗೊಂದು ಬುಟ್ಟಿ ಗೆಣಸು ಬಂತು. ಕಳಿಸಿದವರು ಯಾರೆಂದು ಕೇಳಿದ್ದಕ್ಕೆ ಹಡಗಿನವನು, "ಕಲ್ತಾಕ್. ಏನೂ ಹೇಳ್ಬೇಡ, ಕೊಟ್ಬಿಡು ಅಂದ," ಎಂದ.