ಅಕ್ಕೋರು ತೋರಿಸಿಕೊಟ್ಟ ಹಕ್ಕಿ

ಅಕ್ಕೋರ ಕಂದು ಬಣ್ಣದ ಮಂಕಿ ಕ್ಯಾಪಿಗೆ ಎರಡೂ ಕಿವಿಯ ಜಾಗದಲ್ಲಿ ತೂತು. ತಾವೇ ಕತ್ತರಿಯಿಂದ ದುಂಡಗೆ ಕತ್ತರಿಸಿ, ಬಿಚ್ಚಿಹೋಗದಂತೆ ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿಕೊಂಡಿದ್ದರು. ಪುಣೆಯ ಡಿಸೆಂಬರಿನ ಬೆಳಗಿನಲ್ಲಿ ಆ ತೂತುಗಳಿಂದ ಕಿವಿಗಳು ಚಳಿಗೆ ಕೆಂಪಾಗಿ ಹೊರಗೆ ಇಣುಕುತ್ತಿದ್ದವು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

“ನಗ್ರಿ, ನಗ್ರಿ,” ಎಂದರು ಕಾಂಪೌಂಡಿನ ಆಚೆಯಿಂದ. “ಥಂಡಿ ತಲಿಗೆ ಹತ್ತಿದ್ರ ಔಷಧ ಅದ. ಹಕ್ಕಿ ಕೂಗಿದ್ದು ಕೇಳಲಿಲ್ಲಂದ್ರ ಅದಕ್ಕೇನು ಔಷಧ?”

ಧಾರವಾಡದಲ್ಲಿ ಸೈನ್ಸ್ ಕಲಿಸಿ ರಿಟೈರ್ ಆದ ಮೇಲೆ ತಮ್ಮನ ಸಂಸಾರದ ಜೊತೆಗಿರಲು ನಮ್ಮ ಪಕ್ಕದ ಬಂಗಲೆಗೆ ಬಂದವರು. ಮದುವೆಯಾದವರಲ್ಲ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುವುದು ರೂಢಿ, ನಾನೂ ಹಾಗೇ ಕರೆದೆ. ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ನನ್ನ ಯಜಮಾನರು ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಬೆಳಗನ್ನು ಏನು ಮಾಡಬೇಕೆಂದು ತಿಳಿಯದೆ ಟೀ ಕಪ್ಪು ಹಿಡಿದು ಹಿತ್ತಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದೆ.

ಬಾಲ ಎತ್ತಿಕೊಂಡು ಕುಪ್ಪಳಿಸುವ ಕರಿ ಹಕ್ಕಿಯೊಂದನ್ನು ತೋರಿಸಿ ಅಕ್ಕೋರು ಅದು ರಾಬಿನ್ ಎಂದಾಗ, “ಇಂಪಾಸಿಬಲ್!” ಎಂದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ರಾಬಿನ್ ಎಂದರೆ ಕ್ರಿಸ್‌ಮಸ್ ಕಾರ್ಡಿನಲ್ಲಿ ಸ್ನೋ ಮೇಲೆ ಕೂತ ಕೆಂಪೆದೆಯ ಹಕ್ಕಿ.

“ನಿಮ್ಮ ಸಿಸ್ಟರ್‌ಗೋಳು ಭಾಳ ಛಲೋ ಕಲಿಸ್ಯಾರ ಬಿಡ್ರಿ,” ಎಂದರು. “ಹಿತ್ತಲದ್ದೊಂದು ಬಿಟ್ಟು.”

ಹಾಗೆ ನನ್ನ ಎರಡನೇ ಶಾಲೆ ಶುರುವಾಯಿತು. ಬ್ರೆಡ್ ಹಾಕಬಾರದು. ನವಣೆ, ಸಜ್ಜೆ ಹಾಕಬೇಕು, ಅದೂ ಗುಬ್ಬಿಗಳಿಗಾಗುವಷ್ಟೇ. ಹೆಚ್ಚಾದರೆ ಪಾರಿವಾಳಗಳ ದಂಡು ಇಳಿಯುತ್ತದೆ. ಅರ್ಧ ಪಪ್ಪಾಯಿ ಮೊಳೆಗೆ ಸಿಗಿಸಬೇಕು. ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಚಿಕ್ಕ ಹಕ್ಕಿ ನಿಲ್ಲಲು ನಡುವೆ ಒಂದು ಕಲ್ಲು. ಎಲ್ಲಕ್ಕಿಂತ ಮುಖ್ಯ, ಮೆಹಂದಿ ಬೇಲಿಯ ಕೆಳಗೆ ಬಿದ್ದ ಎಲೆಗಳನ್ನು ಗುಡಿಸಲೇಬಾರದು. ಕೆಲಸದ ಮಾವಶಿ ಪೊರಕೆ ಹಿಡಿದು ಬಂದರೆ ಅಕ್ಕೋರು ಗೋಡೆಯ ಮೇಲಿಂದಲೇ ಕೂಗುತ್ತಿದ್ದರು: “ಮಾವಶಿ, ರಾಹೂ ದ್ಯಾ!” ಇರಲಿ ಬಿಡು ಎಂದು. ಆಮೇಲೆ ನನ್ನ ಕಡೆ ತಿರುಗಿ, “ಅದು ಕಸಾ ಅಲ್ರಿ ವೈನಿ, ಚಳಿಗಾಲಕ್ಕ ಬಂದ ಮಂದಿಗೆ ಹಾಕಿದ ಊಟದ ಎಲಿ. ಹುಳಾ ಎಲ್ಲಾ ಅದರ ಬುಡಕs ಇರ್ತಾವ,” ಎನ್ನುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಇಬ್ಬರೂ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆವು. ಮಾತಾಡಿದರೆ ಮೊಣಕೈಯಿಂದ ತಿವಿಯುತ್ತಿದ್ದರು. ಆ ಚಳಿಗಾಲಗಳು ನನ್ನನ್ನು ಉಳಿಸಿದವು ಎಂದರೆ ಹೆಚ್ಚೇನೂ ಹೇಳಿದಂತಲ್ಲ.

ಒಂದು ವಿಷಯದಲ್ಲಿ ಅವರು ಭಾರಿ ಸ್ಟ್ರಿಕ್ಟ್. ಯಾವ ಹಕ್ಕಿ ಕಂಡಿತೆಂದು ಹೇಳಬಹುದು, ಎಲ್ಲಿ ಎಂದು ಹೇಳಬಾರದು. ನಮ್ಮ ಓಣಿಯ ಮರದ ಪೊಟರೆಯಲ್ಲಿ ಗೂಬೆಗಳ ಜೋಡಿಯಿತ್ತು. ಕ್ಯಾಮೆರಾ ತೂಗಿಸಿಕೊಂಡ ಇಬ್ಬರು, “ಆಜೀ, ಘುಬಡ ಕುಠೆ ಆಹೆ?” ಎಂದು ಮರಾಠಿಯಲ್ಲಿ ಗೂಬೆಯ ಜಾಗ ಕೇಳಿದಾಗ, ಅಕ್ಕೋರು ಬಹಳ ಪ್ರೀತಿಯಿಂದ ಅವರನ್ನು ನದಿಯ ದಿಕ್ಕಿಗೆ ಕಳಿಸಿಬಿಟ್ಟರು. “ಸುಳ್ಳು ಹೇಳಿದ್ದಕ್ಕ ದೇವರು ಬೈತಾನೇನೋ,” ಎಂದರು ನನಗೆ. “ಗೂಬಿ ಅಂತೂ ಬೈಯೂದಿಲ್ಲ.”

ಭಾನುವಾರಗಳಂದು ಅವರು ಒಂದು ಬರ್ಡಿಂಗ್ ಗ್ರೂಪಿನ ಜೊತೆ ಗುಡ್ಡ ಹತ್ತಲು ಹೋಗುತ್ತಿದ್ದರು. ಹೆಚ್ಚಾಗಿ ಗಂಡಸರು, ನಮ್ಮ ಮಕ್ಕಳ ವಯಸ್ಸಿನವರು. ಒಮ್ಮೆ ಅಕ್ಕೋರು ಯಾವುದೋ ಅಪರೂಪದ ಹಕ್ಕಿ ಕಂಡೆನೆಂದಾಗ ಗ್ರೂಪಿನ ಲೀಡರ್ ಎಲ್ಲರೆದುರು, “ಫೋಟೋ ಇದೆಯಾ ಆಜೀ? ನೋ ಫೋಟೋ, ನೋ ರೆಕಾರ್ಡ್,” ಎಂದು ನಕ್ಕನಂತೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಏರಿದ ಬಿಸಿಲಲ್ಲೂ ಟೋಪಿ ತೆಗೆಯದೆ ಕೂತಿದ್ದರು.

ಆಮೇಲಿನ ಚಳಿಗಾಲ, ಒಂದು ಬೆಳಗ್ಗೆ, ಮೆಹಂದಿಯ ಬುಡದಿಂದ ಮಣ್ಣಿನ ಬಣ್ಣದ ಪುಟ್ಟ ಹಕ್ಕಿಯೊಂದು ನೀರಿನ ತಟ್ಟೆಗೆ ಬಂತು. ಹುಬ್ಬು ಬಿಳಿ. ನೀರು ಕುಡಿಯಲು ತಲೆಯೆತ್ತಿದಾಗ ಗಂಟಲಲ್ಲಿ ಕೆಂಡದಂಥ ಕೆಂಪು. ಅಕ್ಕೋರು ನನ್ನ ಕೈ ಹಿಡಿದ ಬಿಗಿಗೆ ಬಳೆ ಒತ್ತಿತು.

“ರೂಬಿಥ್ರೋಟ್,” ಎಂದರು, ಉಸಿರಿಗಿಂತ ಮೆಲ್ಲಗೆ. “ಸೈಬೀರಿಯಾದ ಕಡಿಂದ ಬರೂದ್ರಿ ವೈನಿ. ನಮ್ಮ ಕಡೆ ಯಾರಿಗೂ ಕಾಣೂದಿಲ್ಲ. ನಿಮ್ಮ ಹಿತ್ತಲಕ್ಕ ಬಂದದ.”

“ಯಾರಿಗೂ ಹೇಳಬ್ಯಾಡ್ರಿ ಅಕ್ಕೋರ,” ಎಂದೆ.

“ಏನ್ರಿ, ನನಗs ಹೇಳ್ತೀರೇನು?” ಎಂದು ನಕ್ಕರು.

ದಿನಾ ಬೆಳಗ್ಗೆ ಅದು ಬರುತ್ತಿತ್ತು. ಆ ವಾರದ ಕೊನೆಗೆ ನಾನು ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿರುವ ಮಗಳ ಮನೆಗೆ ಹೋಗಬೇಕಾಯಿತು. ನನ್ನ ಹಿತ್ತಿಲ ಗೇಟಿನ ಚಾವಿ ಎಂದಿನಂತೆ ಅಕ್ಕೋರ ಹತ್ತಿರ, ನೀರು ತುಂಬಿಡಲು. ಭಾನುವಾರ ಸಂಜೆ ಬರುತ್ತೇನೆಂದಿದ್ದೆ. ಆದರೆ ಹಕ್ಕಿಯದೇ ಧ್ಯಾನ, ಬೆಳಗ್ಗೆಯೇ ಎದ್ದು ಆಟೋ ಹಿಡಿದು ಬಂದುಬಿಟ್ಟೆ.

ಗೇಟು ಹಾರುಹೊಡೆದಿತ್ತು. ಹಿತ್ತಿಲಲ್ಲಿ ಏಳೆಂಟು ಜನ ಗಂಡಸರು, ತೋಳುದ್ದದ ಲೆನ್ಸುಗಳು. ಬೇಲಿಯ ಕೆಳಗಿನ ಎಲೆಯೆಲ್ಲ ಗುಡಿಸಿ ಮೂಲೆಗೆ ತಳ್ಳಿದ್ದರು. ಮೆಹಂದಿಯ ಕೆಳಗಿನ ಕೊಂಬೆಗಳು ನೆಲದಲ್ಲಿ ಬಿದ್ದಿದ್ದವು. ಬೇಲಿಯ ಬುಡದಲ್ಲಿ ಒಂದು ಪುಟ್ಟ ಸ್ಪೀಕರ್, ಅದರೊಳಗಿಂದ ರೂಬಿಥ್ರೋಟ್ ಹಾಡುತ್ತಿತ್ತು. ಒಬ್ಬ ನನ್ನ ಕಡೆ ತಿರುಗಿ ಬಾಯಿಗೆ ಬೆರಳಿಟ್ಟು, “ಶ್ಶ್, ಆಂಟೀ,” ಎಂದ. ನನ್ನದೇ ಹಿತ್ತಿಲಲ್ಲಿ.

ಅವನ ಪಕ್ಕದಲ್ಲಿ, ಗಿಡ ಸವರುವ ಕತ್ತರಿ ಹಿಡಿದು, ಅಕ್ಕೋರು.

“ಇದೇನ್ರಿ ಅಕ್ಕೋರ?”

“ಬ್ಯಾಕ್‌ಗ್ರೌಂಡ್ ಕ್ಲಿಯರ್ ಬರಲಿ ಅಂತ...” ಎಂದರು. ಆಮೇಲೆ, “ಕೇಳಿದ್ರ ನೀವು ಬ್ಯಾಡ ಅಂತಿದ್ರಿ.”

“ಹೌದು, ಬ್ಯಾಡ ಅಂತಿದ್ದೆ. ಅದನ್ನ ನೀವs ಕಲಿಸಿದ್ದು.”

“ಫೋಟೋ ಇಲ್ಲದs ನನ್ನ ಮಾತು ಯಾರೂ ನಂಬೂದಿಲ್ಲ ವೈನಿ.”

“ನಾ ನಂಬಿದ್ನೆಲ್ರಿ.”

ಅವರು ಮೊದಲ ಬಾರಿಗೆ ನನ್ನನ್ನು ನೇರವಾಗಿ ನೋಡಿದರು. ಸಿಟ್ಟೇನೂ ಇರಲಿಲ್ಲ. ಗೊತ್ತಿದ್ದ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಂತೆ ಹೇಳಿದರು: “ನೀವು ನಂಬಿದ್ರ ಏನಾತ್ರಿ?”

ಅಷ್ಟರಲ್ಲಿ ಕ್ಯಾಮೆರಾಗಳು ಪಟಪಟನೆ ಸದ್ದು ಮಾಡಿದವು. ಹಕ್ಕಿ ಬಂದಿತ್ತು. ಅಕ್ಕೋರು ಅತ್ತ ತಿರುಗಿದರು.

ಆ ವಾರವೆಲ್ಲ ಬೆಲ್ ಹೊಡೆಯುತ್ತಲೇ ಇತ್ತು. ಮುಂಬೈಯಿಂದಲೂ ಜನ ಬಂದರು. ನಾನು ಬಾಗಿಲು ತೆರೆಯಲಿಲ್ಲ, ಗೇಟಿನ ಬೀಗ ಬದಲಿಸಿದೆ. ಹಕ್ಕಿ ಮತ್ತೆ ಕಾಣಲಿಲ್ಲ. ಮುಂದಿನ ಚಳಿಗಾಲವೂ ಇಲ್ಲ. ಗ್ರೂಪಿನವರು ಅಕ್ಕೋರಿಗೆ ಶಾಲು ಹೊದಿಸಿದರೆಂದು ಅವರ ತಮ್ಮನ ಹೆಂಡತಿ ಹೇಳಿದಳು.

ಜಗಳ ಆಡಲಿಲ್ಲ. ಮಾತು ಬಿಟ್ಟವರ ಜೊತೆಗೂ ಪೊಲೈಟ್ ಆಗಿರುವುದು ಹೇಗೆಂದು ಕಾನ್ವೆಂಟಿನವರು ಚೆನ್ನಾಗಿಯೇ ಕಲಿಸಿದ್ದರು. ಅಕ್ಕೋರು ಗೋಡೆಯ ಮೇಲೆ ಅರ್ಧ ಪಪ್ಪಾಯಿ ಇಡುತ್ತಿದ್ದರು, ನಾನು “ಥ್ಯಾಂಕ್ಯೂ” ಎಂದು ತೆಗೆದುಕೊಳ್ಳುತ್ತಿದ್ದೆ. ಸ್ಟೂಲುಗಳಲ್ಲಿ ಒಂದನ್ನು ಅಟ್ಟಕ್ಕೆ ಹಾಕಿಸಿದೆ. ತಪ್ಪಾಯಿತು ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಬಹುಶಃ ಸ್ಟೂಲು ಕೆಳಗಿಳಿಯುತ್ತಿತ್ತು. ನಾನು ಕಾದದ್ದು ಸುಳ್ಳಲ್ಲ.

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಗ್ರೂಪಿನವರು ಒಂದು ಹಾಲ್‌ನಲ್ಲಿ ಸಭೆ ಇಟ್ಟಿದ್ದರು, ಹೋಗದಿದ್ದರೆ ಸರಿಯಲ್ಲವೆಂದು ಹೋದೆ. ಸ್ಕ್ರೀನಿನ ಮೇಲೆ ಗೋಡೆಯಗಲದ ಫೋಟೋ: ನನ್ನ ನೀರಿನ ತಟ್ಟೆ, ನನ್ನ ಕಲ್ಲು, ಅದರ ಮೇಲೆ ಕೊಕ್ಕು ತೆರೆದ ರೂಬಿಥ್ರೋಟ್, ಗಂಟಲ ಗರಿಯೆಲ್ಲ ನಿಮಿರಿ ಉರಿಯುತ್ತಿದೆ. “ಆಜೀಗಾಗಿ ಹಾಡುತ್ತಿದೆ ನೋಡಿ,” ಎಂದ ಲೀಡರ್. ಎಲ್ಲರೂ “ಬ್ಯೂಟಿಫುಲ್” ಎಂದರು.

ಅದು ಹಾಡುತ್ತಿರಲಿಲ್ಲ. ಸ್ಪೀಕರಿನ ದನಿ ಕೇಳಿ, ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆಯೆಂದು ಹೆದರಿ, ಜಗಳಕ್ಕೆ ನಿಂತಿತ್ತು. ಬಾಲ ಎತ್ತಿದ ರೀತಿ, ರೆಕ್ಕೆ ಇಳಿಬಿಟ್ಟ ರೀತಿ ನೋಡಿದರೆ ತಿಳಿಯುತ್ತದೆ. ಆ ಹಾಲ್‌ನಲ್ಲಿ ಅದು ಯಾರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ನನಗೆ ಗೊತ್ತಿತ್ತು, ಅಕ್ಕೋರು ಕಲಿಸಿದ್ದರು. ಅಂದರೆ, ಆ ಬೆಳಗ್ಗೆ ಕತ್ತರಿ ಹಿಡಿದು ನಿಂತಾಗ ಅವರಿಗೂ ಗೊತ್ತಿತ್ತು.