ಟಗರಿನ ಪಾಲು

ಬೀದಿಯವರು ಅವಳನ್ನು ಖಾರಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ಬಾಯಿ ಹೇಗೇ ಇರಲಿ, ಕೈಗುಣ ಮಾತ್ರ ದೊಡ್ಡದು. ಹೊಟ್ಟೆಯೊಳಗೆ ಅಡ್ಡ ಸಿಕ್ಕಿಕೊಂಡ ಮರಿಯನ್ನು ಕುರಿಗೆ ನೋವಾಗದಂತೆ ತಿರುಗಿಸಿ ಎಳೆಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ.

ಅಪ್ಪ ಹಾಸಿಗೆ ಹಿಡಿದಾಗಿನಿಂದ ಗಂಡನೊಡನೆ ತವರಲ್ಲೇ ಉಳಿದು ಕುರಿಹಟ್ಟಿಯನ್ನು ನಡೆಸಿದವಳು ಅವಳು. ತಮ್ಮ ಲಾರಿ ಓಡಿಸಿಕೊಂಡು ಊರೂರು ಸುತ್ತುತ್ತಿದ್ದ. ಅಪ್ಪ ಕಣ್ಣು ಮುಚ್ಚಿದ್ದೇ ತಡ, ಹೆಂಡತಿಯೊಡನೆ ಬಂದಿಳಿದು ಅರ್ಧ ಕೇಳಿದ.

"ಹಿಕ್ಕೆ ಬಾಚುವಾಗ ಎಲ್ಲಿದ್ದೆ? ಈಗ ಪಾಲು ಬೇಕಾ?"

"ಅಪ್ಪ ನಿನಗೊಬ್ಬಳಿಗೇ ಅಪ್ಪನಾ?"

ಕೊನೆಗೆ ಹಟ್ಟಿಯ ನಡುವೆ ಕಲ್ಲಿನ ಗೋಡೆ ಎದ್ದಿತು. ಮೊದಲು ಆರಿಸುವ ಹಕ್ಕು ಅಕ್ಕನದು ಎಂದಾಯಿತು. ಅವಳು ಯೋಚಿಸಲೇ ಇಲ್ಲ. ಅವಳಿ ಮರಿ ಹಾಕುತ್ತಿದ್ದ ಕುರಿಗಳನ್ನೆಲ್ಲ ತನ್ನ ಕಡೆಗೆ ಹೊಡೆದುಕೊಂಡಳು. ತಮ್ಮನಿಗೆ ಉಳಿದದ್ದು ಬಡಕಲು ಕುರಿಗಳು, ಜೊತೆಗೆ ಸೊಟ್ಟ ಕೊಂಬಿನ ಒಂದು ಎಳೆಯ ಟಗರು. ಅದು ಮೂರು ಮರಿಗಳಲ್ಲಿ ಒಂದಾಗಿ ಹುಟ್ಟಿತ್ತೆಂದು ಅಪ್ಪನಿಗೆ ಅದರ ಮೇಲೆ ವಿಪರೀತ ಅಕ್ಕರೆ. ಗಂಡೆಂದರೆ ಅಪ್ಪನಿಗೆ ಕುರಿಯಲ್ಲೂ ಅಕ್ಕರೆಯೇ ಎಂದು ಅವಳು ಹಲ್ಲು ಕಚ್ಚುತ್ತಿದ್ದಳು.

"ಟಗರನ್ನ ನೀನೇ ಇಟ್ಕೋ. ಹೆರೋದು ಕುರಿ ಕಣೋ, ಟಗರಲ್ಲ," ಎಂದಳು.

ತನ್ನ ಹಿಂಡಿಗೆ ಸಂತೆಯಿಂದ ಬೇರೆ ಟಗರು ತಂದಳು. ಬೆಳ್ಳಗೆ, ಎತ್ತರಕ್ಕೆ, ನೋಡಿದವರು ನಿಂತು ನೋಡಬೇಕು, ಹಾಗಿತ್ತು. ಆ ಸಲ ತಮ್ಮನ ಕುರಿಗಳು ಒಂದೊಂದೇ ಮರಿ ಹಾಕಿದವು. ಅವಳು ಗೋಡೆಗೆ ಕೈಯೂರಿ ನಿಂತು ನಕ್ಕಳು. "ನಿನ್ನ ಸೊಟ್ಟಕೊಂಬಿನ ಮಹಾರಾಜರ ಪ್ರತಾಪ ನೋಡಿದೆ!"

ನಗು ಬಹಳ ದಿನ ಬಾಳಲಿಲ್ಲ. ಆ ಮರಿಗಳಲ್ಲಿ ಹೆಣ್ಣಾದವು ಬೆಳೆದು ತಾವೇ ಈದಾಗ, ಗೋಡೆಯಾಚೆ ಎಲ್ಲಿ ನೋಡಿದರೂ ಅವಳಿ. ಇತ್ತ ಅವಳ ಕುರಿಗಳ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಒಂಟಿ ಮರಿ ಹಾಕಿ ಸುಮ್ಮನಾದವು. ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಬಡಕಲು ಕುರಿಗಳ ಮಕ್ಕಳು ಅವಳಿ ಹೆರುವುದೆಂದರೇನು? ತನ್ನ ಮರಿಗಳನ್ನೇ ಗೋಡೆ ದಾಟಿಸಿ ಬದಲಾಯಿಸಿದ್ದಾನೆ, ಬೇರೆ ಮಾತೇ ಇಲ್ಲ. ಬೀದಿಯಲ್ಲಿ ನಿಂತು ಕಳ್ಳ ಎಂದು ಕೂಗಿದಳು. ಅವನು ಅವಳ ನಾಲಿಗೆಗೆ ಹುಳ ಬೀಳಲಿ ಎಂದ. ತಮ್ಮನ ಹೆಂಡತಿ, ಅವಳ ನಾದಿನಿ, ಬಾಗಿಲು ಹಾಕಿಕೊಂಡಳು.

ಅಷ್ಟಕ್ಕೇ ಬಿಡದೆ ಖಾರಕ್ಕ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಹಿಡಿದಳು. ರಕ್ತ ಪರೀಕ್ಷೆ ಮಾಡಿದರೆ ಯಾವ ಮರಿ ಯಾರದೆಂದು ತಿಳಿಯುತ್ತದಂತೆ, ಮಾಡಿ ಎಂದು ಪಟ್ಟು ಹಿಡಿದಳು. ಎರಡೂ ಹಟ್ಟಿಯ ಕುರಿಗಳ ರಕ್ತ ದೊಡ್ಡ ಊರಿಗೆ ಹೋಗಿ, ಉತ್ತರ ಬಂತು. ಡಾಕ್ಟರಮ್ಮ ಗೋಡೆಯ ಹತ್ತಿರ ನಿಂತು ಇಬ್ಬರಿಗೂ ಕೇಳುವಂತೆ ಹೇಳಿದರು.

"ಕಳ್ಳತನ ಏನೂ ಆಗಿಲ್ಲಮ್ಮ. ಅವಳಿ ಹಾಕಿದ ಆಚೆಯ ಕುರಿಗಳೆಲ್ಲ ಆ ಸೊಟ್ಟಕೊಂಬಿನ ಟಗರಿನ ಮಕ್ಕಳೇ."

"ಟಗರು ಅವಳಿ ಹೆರುತ್ತಾ?"

"ಹೆರಲ್ಲ. ಆದ್ರೆ ಆ ಗುಣ ಅದರ ರಕ್ತದಲ್ಲಿದೆ. ಪ್ರತಿ ಮರಿಗೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತೆ. ಈ ಟಗರಿನ ಹತ್ರ ಇರೋ ಎರಡು ಪಾಲೂ ಅವಳಿಯದ್ದೇ. ಹಾಗಾಗಿ ಹುಟ್ಟಿದ ಮಕ್ಕಳಿಗೆಲ್ಲ ಹೋಗಿದೆ. ನಿಮ್ಮ ಕುರಿಗಳಲ್ಲಿ ಒಂದೇ ಪಾಲು ಇದೆ. ಕೆಲವು ಮಕ್ಕಳಿಗೆ ಬಂತು, ಕೆಲವಕ್ಕೆ ಬರಲಿಲ್ಲ. ನಿಮ್ಮ ಬಿಳಿ ಟಗರಲ್ಲಂತೂ ಏನೂ ಇಲ್ಲ."

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಟಗರನ್ನೇ ಒಂದು ಸಲ ಅಕ್ಕನ ಹಿಂಡಿಗೆ ಬಿಡಿ ಎಂದು ಡಾಕ್ಟರಮ್ಮ ಹೇಳಿದಾಗ ನಗು ನಿಲ್ಲಿಸಿದ. "ಕಳ್ಳ ಅಂದ ಬಾಯಲ್ಲೇ ಅವಳು ಕೇಳಲಿ, ನೋಡೋಣ."

"ನಿನ್ನ ಹತ್ರ ಕೈ ಚಾಚೋದಾ? ನನ್ನ ಕುರಿಗಳು ಗೊಡ್ಡಾಗಿ ಸತ್ರೂ ಸರಿ!" ಎಂದು ಅವಳು ಡಾಕ್ಟರಮ್ಮನ ಮೇಲೂ ಹರಿಹಾಯ್ದಳು.

ಕುರಿಗಳಿಗೆ ಈ ಜಗಳ ಗೊತ್ತಿರಲಿಲ್ಲ. ಬೆದೆಗೆ ಬಂದ ಕುರಿಗಳ ವಾಸನೆ ಹಿಡಿದ ಟಗರು ಒಂದು ಮುಂಜಾನೆ ಗೋಡೆಗೆ ಗುದ್ದಿ, ಕಲ್ಲು ಉರುಳಿಸಿ, ತಾನಾಗಿಯೇ ಅವಳ ಕಡೆ ನುಗ್ಗಿತು. ಅವಳು ನೋಡಿದಳು. ಓಡಿಸಲಿಲ್ಲ. ಬಿಸಿಲೇರಿದ ಮೇಲೆ ತಮ್ಮ ಕೋಲು ಹಿಡಿದು ಬಂದ.

"ಕಲ್ಲು ಕಿತ್ತವಳು ನೀನೇ!"

"ನಿನ್ನ ಟಗರಿಗೆ ನಿನಗಿಂತ ಮರ್ಯಾದೆ ಇದೆ. ಬಂತು, ಕೆಲಸ ಮಾಡ್ತು, ಅರ್ಧ ಕೇಳಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ಟಗರನ್ನು ಕೊಂಬು ಹಿಡಿದು ಎಳೆದೊಯ್ದ. ಆ ವಾರವೇ ಕಸಾಯಿಯವನ ಗಾಡಿ ಬಂತು. ನಾದಿನಿ ಬೇಡ ಬೇಡವೆಂದು ಅಂಗಲಾಚಿದಳು. "ಅವಳಿಗೆ ಸಿಗೋ ಹಾಗಿದ್ರೆ ನನಗೂ ಬೇಡ," ಎಂದ ಅವನು. ಖಾರಕ್ಕ ತನ್ನ ಬಾಗಿಲಲ್ಲಿ ನಿಂತಿದ್ದಳು. ಕೊಡೋ, ಕೊಲ್ಲಬೇಡ ಎಂದು ಒಂದು ಮಾತು ಅಂದಿದ್ದರೆ ಅವನು ಬಿಡುತ್ತಿದ್ದನೇನೋ. ಬೀದಿ ತಿರುವಿನಲ್ಲಿ ಗಾಡಿ ಮರೆಯಾದ ಮೇಲೆ ಒಳಗೆ ಹೋಗಿ ಕಾರಣವಿಲ್ಲದೆ ಗಂಡನ ಮೇಲೆ ರೇಗಿದಳು.

ಆ ಮುಂಜಾನೆಯ ಫಲವಾಗಿ ಹುಟ್ಟಿದ ಹೆಣ್ಣುಮರಿಗಳನ್ನು ಅವಳು ಒಂದನ್ನೂ ಮಾರಲಿಲ್ಲ. ಅವು ಬೆಳೆದು ಈದಾಗ ಕೆಲವು ಮೂರು ಮೂರು ಹಾಕಿದವು. ಎರಡೂ ಕಡೆಯ ಪಾಲು ಸೇರಿದರೆ ಹೀಗೇ ಎಂದರು ಡಾಕ್ಟರಮ್ಮ. ಆದರೆ ಕುರಿಗೆ ಇರುವುದು ಎರಡೇ ಮೊಲೆ. ಮೂರನೆಯ ಮರಿಗಳು ಕೋಲಿನಂತೆ ಒಣಗಿ, ದಿನವಿಡೀ ಅರಚುತ್ತಿದ್ದವು.

"ಬಾಯಿ ಮುಚ್ಚಿಸೇ ಅವುಗಳದ್ದು!" ಎಂದು ತಮ್ಮ ಗೋಡೆಯಾಚೆಯಿಂದ ಅಬ್ಬರಿಸಿದ.

"ನಿನ್ನ ಟಗರಿನ ಮೊಮ್ಮಕ್ಕಳು ಕಣೋ! ಅಜ್ಜನನ್ನ ಕೊಂದವನಿಗೆ ಶಾಪ ಹಾಕ್ತಿವೆ, ಕೇಳಿಸ್ಕೋ!"

ಒಂದು ದಿನ ನಾದಿನಿ ಮೇಕೆಯ ಹಾಲನ್ನು ಸೀಸೆಯಲ್ಲಿ ತುಂಬಿ ಗೋಡೆಯ ಮೇಲಿಟ್ಟಳು. ಖಾರಕ್ಕ ಅದನ್ನು ಅಲ್ಲೇ ಚೆಲ್ಲಿ ಖಾಲಿ ಸೀಸೆ ಇಟ್ಟಳು. ಮಾರನೆಯ ದಿನವೂ ಸೀಸೆ ಬಂತು. ಅಷ್ಟರಲ್ಲಿ ಒಂದು ಮರಿ ಸತ್ತಿತ್ತು, ಇನ್ನೊಂದರ ಕಾಲು ತಣ್ಣಗಾಗಿತ್ತು. ಅವಳು ಆಚೆ ನೋಡದೆ ಸೀಸೆ ಎತ್ತಿಕೊಂಡಳು, ಮರಿಯನ್ನು ಮಡಿಲಿಗೆಳೆದು ಬಾಯಿ ಬಿಡಿಸಿ ಕುಡಿಸಿದಳು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. ಆಚೆ ಗಂಡ ಹೆಂಡತಿ ಹಾಲಿನ ವಿಷಯಕ್ಕೇ ಕಚ್ಚಾಡುವುದು ಕೇಳಿಸುತ್ತಿತ್ತು. ಮರಿ ಅವಳ ಬೆರಳನ್ನೂ ಸೇರಿಸಿ ಚೀಪತೊಡಗಿತು.